ಪಾಡ್ಯದಿಂದ ಪಾಡ್ಯದವರೆಗೆ: ಹಬ್ಬವೂ ಪ್ರಯಾಣವೂ ಒಟ್ಟಿಗೆ ಬರುವ ತಿಂಗಳಿಗೆ ಸಿದ್ಧವಾಗುವ ಬಗೆ

ಆಶ್ವಯುಜ ಶುದ್ಧ ಪಾಡ್ಯದಂದು ಪಟ್ಟದ ಗೊಂಬೆಗಳನ್ನು ಕೂರಿಸುವಲ್ಲಿಂದ ಕಾರ್ತಿಕ ಶುದ್ಧ ಪಾಡ್ಯದಂದು ಬಲೀಂದ್ರನನ್ನು ಪೂಜಿಸುವವರೆಗೆ ಎಣಿಸಿದರೆ ಸರಿಯಾಗಿ ಒಂದು ಚಾಂದ್ರಮಾನ ತಿಂಗಳಾಗುತ್ತದೆ. ಸುಮಾರು 29 ಅಥವಾ 30 ದಿನಗಳ ಈ ಅವಧಿಯಲ್ಲಿ ನವರಾತ್ರಿ, ಆಯುಧಪೂಜೆ, ವಿಜಯದಶಮಿ, ಸೀಗೆ ಹುಣ್ಣಿಮೆ, ತುಲಾ ಸಂಕ್ರಮಣ, ನೀರು ತುಂಬುವ ಹಬ್ಬ, ನರಕ ಚತುರ್ದಶಿ, ಲಕ್ಷ್ಮೀಪೂಜೆ ಮತ್ತು ಬಲಿಪಾಡ್ಯಮಿ ಒಂದರ ಹಿಂದೆ ಒಂದರಂತೆ ಬಂದುಬಿಡುತ್ತವೆ. ಮಕ್ಕಳ ದಸರಾ ರಜೆಯೂ ಇದರೊಳಗೇ ಬರುತ್ತದೆ, ಊರಿನವರು ಮನೆಗೆ ಬರುವುದೂ ನಾವು ಊರಿಗೆ ಹೋಗುವುದೂ ಇದರೊಳಗೇ ಆಗಬೇಕು. ಒಳ್ಳೆಯ ಮಳೆಗಾಲ ಮುಗಿದು ಬೆಟ್ಟಗಳು ಹಸಿರಾಗಿರುವುದರಿಂದ ಎಲ್ಲಿಗಾದರೂ ಹೋಗಿಬರೋಣವೆನ್ನುವ ಆಸೆಯೂ ಆಗಲೇ ಹುಟ್ಟುತ್ತದೆ.

ಈ ತಿಂಗಳನ್ನು ಯೋಜಿಸಲು ಕುಳಿತ ಹೆಚ್ಚಿನವರು ಹೋಗಬೇಕಾದ ಸ್ಥಳಗಳ ಹೆಸರು ಬರೆಯುವುದರಿಂದ ಆರಂಭಿಸುತ್ತಾರೆ, ಮತ್ತು ಆ ತಪ್ಪನ್ನು ನಾನೂ ಹಲವು ವರ್ಷ ಮಾಡಿದ್ದೇನೆ. ಈಗ ನಾನು ಅನುಸರಿಸುವ ಕ್ರಮ ಇದಕ್ಕೆ ತದ್ವಿರುದ್ಧವಾದುದು. ಮೊದಲು ಕದಲಿಸಲಾಗದ ದಿನಗಳನ್ನು ಗುರುತಿಸಬೇಕು. ಆಮೇಲೆ ಖಾಲಿ ಬಿಡಬೇಕಾದ ದಿನಗಳನ್ನು ಗುರುತಿಸಬೇಕು. ಇವೆರಡರ ನಡುವೆ ಉಳಿದ ಜಾಗದಲ್ಲಿ ಮಾತ್ರ ಪ್ರಯಾಣಕ್ಕೆ ಅವಕಾಶ ಕೊಡಬೇಕು.

ದಿನಗಳನ್ನು ಗುರುತಿಸುವುದು

ಗೋಡೆಗೆ ತೂಗುಹಾಕುವ ದೊಡ್ಡ ಕ್ಯಾಲೆಂಡರನ್ನು ಇಳಿಸಿ ಮೇಜಿನ ಮೇಲಿಟ್ಟುಕೊಳ್ಳುವುದು ಮೊದಲ ಕೆಲಸ. ಮೊಬೈಲ್ ಫೋನಿನ ಕ್ಯಾಲೆಂಡರ್ ಇದಕ್ಕೆ ಸಾಲದು, ಏಕೆಂದರೆ ಎರಡು ಇಂಗ್ಲಿಷ್ ತಿಂಗಳುಗಳಲ್ಲಿ ಹರಡಿರುವ ಒಂದು ಚಾಂದ್ರಮಾಸವನ್ನು ಮನೆಯವರೆಲ್ಲ ಒಟ್ಟಿಗೆ ಕುಳಿತು ನೋಡಬೇಕಾಗುತ್ತದೆ. ಕಳೆದ ವರ್ಷದ ದಿನಾಂಕಗಳ ಆಧಾರದ ಮೇಲೆ ಈ ವರ್ಷದ್ದನ್ನು ಊಹಿಸಬಾರದು. ವಿಜಯದಶಮಿಯು 2023ರಲ್ಲಿ ಅಕ್ಟೋಬರ್ 24ಕ್ಕೆ, 2024ರಲ್ಲಿ ಅಕ್ಟೋಬರ್ 12ಕ್ಕೆ, 2025ರಲ್ಲಿ ಅಕ್ಟೋಬರ್ 2ಕ್ಕೆ ಬಂದಿತ್ತು. ಹೀಗೆ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತಾ ಬರುವ ಹಬ್ಬಗಳು ಅಧಿಕಮಾಸ ಬಂದ ವರ್ಷದಲ್ಲಿ ಒಮ್ಮೆಲೇ ಮುಂದಕ್ಕೆ ಜಿಗಿಯುತ್ತವೆ. 2026ರಲ್ಲಿ ಅಧಿಕ ಜ್ಯೇಷ್ಠ ಬರುವುದರಿಂದ ಆ ವರ್ಷದ ನವರಾತ್ರಿ ಅಕ್ಟೋಬರ್ ಎರಡನೆಯ ವಾರಕ್ಕೆ ಹೋಗುತ್ತದೆ. ತಿಥಿ ವೃದ್ಧಿಯಾದರೆ, ಅಂದರೆ ಒಂದೇ ತಿಥಿ ಎರಡು ದಿನ ಬಂದರೆ, ನವರಾತ್ರಿಯ ದಿನಗಳೂ ಹೆಚ್ಚುತ್ತವೆ: 2025ರ ಮೈಸೂರು ದಸರಾ ಸೆಪ್ಟೆಂಬರ್ 22ರಿಂದ ಅಕ್ಟೋಬರ್ 2ರವರೆಗೆ ಹನ್ನೊಂದು ದಿನ ನಡೆದದ್ದು ಈ ಕಾರಣಕ್ಕೇ. ಒಂದು ಪಂಚಾಂಗಕ್ಕೂ ಇನ್ನೊಂದಕ್ಕೂ, ಪಂಚಾಂಗಕ್ಕೂ ಸರ್ಕಾರಿ ರಜೆಯ ಪಟ್ಟಿಗೂ ಕೆಲವೊಮ್ಮೆ ಒಂದು ದಿನದ ವ್ಯತ್ಯಾಸ ಇರುವುದರಿಂದ, ನಿಮ್ಮ ಮನೆಯ ಹಿರಿಯರು ಯಾವ ಪಂಚಾಂಗವನ್ನು ಒಪ್ಪುತ್ತಾರೆಂಬುದನ್ನು ಟಿಕೆಟ್ ಕಾಯ್ದಿರಿಸುವ ಮೊದಲೇ ಕೇಳಿ ತಿಳಿದುಕೊಳ್ಳುವುದು ಕ್ಷೇಮ. ಟಿಕೆಟ್ ಆದ ಮೇಲೆ ಶುರುವಾಗುವ ತಿಥಿಯ ಚರ್ಚೆ ಯಾರಿಗೂ ಒಳ್ಳೆಯದು ಮಾಡುವುದಿಲ್ಲ.

ಇವೆಲ್ಲವುಗಳ ನಡುವೆ ತುಲಾ ಸಂಕ್ರಮಣ ಮಾತ್ರ ಸೂರ್ಯನ ಲೆಕ್ಕದ ಹಬ್ಬವಾದ್ದರಿಂದ ಅಕ್ಟೋಬರ್ 17 ಅಥವಾ 18ನ್ನು ಬಿಟ್ಟು ಕದಲುವುದಿಲ್ಲ. ಸೂರ್ಯ ತುಲಾ ರಾಶಿಯನ್ನು ಪ್ರವೇಶಿಸುವ ಚಾಂದ್ರಮಾಸವನ್ನೇ ಆಶ್ವಯುಜವೆಂದು ಕರೆಯುವುದರಿಂದ ಅದು ಈ ತಿಂಗಳೊಳಗೆ ಬಂದೇ ಬರುತ್ತದೆ, ಆದರೆ ತಿಂಗಳ ಯಾವ ಭಾಗದಲ್ಲಿ ಎಂಬುದು ಬದಲಾಗುತ್ತಿರುತ್ತದೆ. 2023ರಲ್ಲಿ ಅದು ನವರಾತ್ರಿಯ ನಡುವೆ ಬಂದಿತ್ತು, 2024ರಲ್ಲಿ ಸೀಗೆ ಹುಣ್ಣಿಮೆಯ ದಿನವೇ ಬಂದಿತ್ತು, 2025ರಲ್ಲಿ ನರಕ ಚತುರ್ದಶಿಗೆ ಮೂರು ದಿನ ಮೊದಲು ಬಂದಿತ್ತು. ಈ ಸಂಕ್ರಮಣದ ಮುಹೂರ್ತದಲ್ಲೇ ಆಗುವ ತಲಕಾವೇರಿಯ ತೀರ್ಥೋದ್ಭವಕ್ಕೆ ಹೋಗಬೇಕೆಂದುಕೊಂಡವರು ಮೊದಲು ನೋಡಬೇಕಾದದ್ದು ಇದನ್ನೇ.

ಈಗ ಕೆಂಪು ಪೆನ್ನಿನಿಂದ ಮನೆಯಲ್ಲಿ ಇರಲೇಬೇಕಾದ ದಿನಗಳಿಗೆ ಸುತ್ತು ಹಾಕಿ. ಈ ದಿನಗಳು ಮನೆಯಿಂದ ಮನೆಗೆ ಬೇರೆ. ಅಖಂಡ ದೀಪ ಹಚ್ಚುವ ಮನೆಯಲ್ಲಿ ಒಂಬತ್ತು ದಿನವೂ ಒಬ್ಬರು ಇರಲೇಬೇಕು. ಅಂಗಡಿ, ಕಾರ್ಖಾನೆ ಇರುವವರಿಗೆ ಆಯುಧಪೂಜೆಯೇ ದೊಡ್ಡ ಹಬ್ಬ. ಮಲೆನಾಡಿನ ಕೃಷಿಕರು ಭೂಮಿ ಹುಣ್ಣಿಮೆಯಂದು ನಸುಕಿನಲ್ಲಿ ಭೂಮಿತಾಯಿಯ ನೈವೇದ್ಯ ತುಂಬಿದ ಭೂಮಣ್ಣಿ ಬುಟ್ಟಿ ಹೊತ್ತು ಗದ್ದೆಗೆ ಹೋಗದಿದ್ದರೆ ಆ ವರ್ಷ ಹಬ್ಬ ಮಾಡಿದಂತೆಯೇ ಅಲ್ಲ. ಅದೇ ಹುಣ್ಣಿಮೆಯನ್ನು ಉತ್ತರ ಕರ್ನಾಟಕದ ರೈತರು ಸೀಗೆ ಹುಣ್ಣಿಮೆಯೆಂದು ಕರೆದು ಹೊಲದಲ್ಲಿ ಚರಗ, ಅಂದರೆ ನೈವೇದ್ಯದ ಅಡುಗೆ, ಚೆಲ್ಲುತ್ತಾರೆ. ಇದು ವಿಜಯದಶಮಿಯಾದ ಐದನೆಯ ದಿನಕ್ಕೆ ಬರುವುದರಿಂದ, ನಗರದಲ್ಲಿರುವವರು ದಸರೆಗೆ ಊರಿಗೆ ಹೋಗಿ ಮರುದಿನವೇ ಓಡಿಬರುವ ಬದಲು ಹುಣ್ಣಿಮೆ ಮುಗಿಸಿ ಬರುವಂತೆ ರಜೆ ಹೊಂದಿಸಿಕೊಂಡರೆ ಒಂದೇ ಪ್ರಯಾಣದಲ್ಲಿ ಎರಡು ಹಬ್ಬ ಸಿಗುತ್ತದೆ. ನನ್ನ ಅಭಿಪ್ರಾಯದಲ್ಲಿ ಇಡೀ ತಿಂಗಳಲ್ಲಿ ರಜೆ ಹಾಕಲು ಇದಕ್ಕಿಂತ ಒಳ್ಳೆಯ ವಾರವಿಲ್ಲ.

ಕೆಂಪು ಸುತ್ತು ಎರಡು ಮೂರಕ್ಕಿಂತ ಹೆಚ್ಚಾದರೆ ಮನೆಯಲ್ಲಿ ಕುಳಿತು ಮಾತನಾಡಬೇಕಾಗುತ್ತದೆ. ಒಂಬತ್ತು ದಿನ ಗೊಂಬೆ ಕೂರಿಸಲು ಆಗದವರು ಸಪ್ತಮಿ, ಅಷ್ಟಮಿ ಮತ್ತು ನವಮಿಗಳಲ್ಲಿ ಮಾತ್ರ ಪೂಜಿಸುವ ತ್ರಿರಾತ್ರಿಯ ಪದ್ಧತಿ ಹಿಂದಿನಿಂದಲೂ ಇದೆ; ಹಾಗೆ ಮಾಡಿದರೆ ಮೊದಲ ಆರು ದಿನ ಪ್ರಯಾಣಕ್ಕೆ ಬಿಡುವಾಗುತ್ತದೆ. ಗೊಂಬೆಗಳನ್ನು ಪಾಡ್ಯದಂದೇ ಕೂರಿಸಲೇಬೇಕೆಂದಿದ್ದರೆ ಹನ್ನೊಂದು ಮೆಟ್ಟಿಲಿನ ಬದಲು ಮೂರು ಮೆಟ್ಟಿಲಿಗೆ ಇಳಿಸಿ, ಸಂಜೆ ದೀಪ ಹಚ್ಚಿ ಆರತಿ ಮಾಡುವ ಹೊಣೆಯನ್ನು ಹತ್ತಿರದ ನೆಂಟರಿಗೋ ನೆರೆಯವರಿಗೋ ಒಪ್ಪಿಸಬಹುದು. ಹಾಗೆ ಒಪ್ಪಿಸುವಾಗ ಎಣ್ಣೆ, ಬತ್ತಿ, ಬೆಂಕಿಪೊಟ್ಟಣ, ಗೊಂಬೆ ಬಾಗಿನಕ್ಕೆ ಬೇಕಾದ ಸಾಮಾನು ಎಲ್ಲವನ್ನೂ ಒಂದೇ ತಟ್ಟೆಯಲ್ಲಿ ಜೋಡಿಸಿಟ್ಟು ಹೋಗುವುದು ಮರ್ಯಾದೆ. ಸರಸ್ವತಿ ಪೂಜೆಗೆ ಇಟ್ಟ ಪುಸ್ತಕಗಳನ್ನು ವಿಜಯದಶಮಿಯವರೆಗೆ ಮುಟ್ಟುವಂತಿಲ್ಲವಾದ್ದರಿಂದ, ರಜೆಯ ಮನೆಗೆಲಸವಿರುವ ಪುಸ್ತಕವನ್ನು ಮಕ್ಕಳು ಉದ್ದೇಶಪೂರ್ವಕವಾಗಿ ಪೂಜೆಗೆ ಇಡದಂತೆ ನೋಡಿಕೊಳ್ಳುವುದೂ ಯೋಜನೆಯ ಭಾಗವೇ.

ಕೆಂಪಿನ ನಂತರ ಹಸಿರು ಪೆನ್ನಿನಿಂದ ಖಾಲಿ ದಿನಗಳನ್ನು ಗುರುತಿಸಿ. ಇಡೀ ತಿಂಗಳಿಗೆ ಕನಿಷ್ಠ ನಾಲ್ಕು ದಿನವಾದರೂ ಏನೂ ಇಲ್ಲದೆ ಇರಬೇಕು: ವಿಜಯದಶಮಿಯ ಮರುದಿನ ಒಂದು, ಹುಣ್ಣಿಮೆಯ ಪ್ರವಾಸದಿಂದ ಮರಳಿದ ಮೇಲೆ ಒಂದು, ನೀರು ತುಂಬುವ ಹಬ್ಬದ ಹಿಂದಿನ ದಿನ ಒಂದು, ಬಲಿಪಾಡ್ಯಮಿಯ ನಂತರ ಒಂದು. ಈ ದಿನಗಳಲ್ಲಿ ಬಟ್ಟೆ ಒಗೆಯುವುದು, ನಿದ್ರಿಸುವುದು, ತಡವಾದ ಬಸ್ಸಿನಿಂದ ತಪ್ಪಿದ ಕೆಲಸವನ್ನು ಸರಿಪಡಿಸುವುದು ಮಾತ್ರ ನಡೆಯಬೇಕು. ಒಂದು ವರ್ಷ ಮೈಸೂರಿನಲ್ಲಿ ಜಂಬೂಸವಾರಿ ನೋಡಿ, ಅದೇ ರಾತ್ರಿ ಸುಮಾರು 120 ಕಿಲೋಮೀಟರ್ ದೂರದ ಮಡಿಕೇರಿಗೆ ಹೋಗಿ ದಶಮಂಟಪಗಳ ಮೆರವಣಿಗೆಯನ್ನೂ ನೋಡುವುದೆಂದು ನಾನು ಲೆಕ್ಕ ಹಾಕಿದ್ದೆ. ಮಡಿಕೇರಿಯ ಮಂಟಪಗಳು ರಾತ್ರಿ ಹೊರಟು ಬೆಳಗಿನ ಜಾವದವರೆಗೂ ಸಂಚರಿಸುವುದರಿಂದ ಕಾಗದದ ಮೇಲೆ ಆ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಮೈಸೂರಿನ ಜನಸಂದಣಿಯಿಂದ ವಾಹನ ಹೊರತರುವುದಕ್ಕೇ ಎರಡೂವರೆ ಗಂಟೆ ಹಿಡಿದು, ಮಡಿಕೇರಿ ತಲುಪುವ ವೇಳೆಗೆ ಮಕ್ಕಳು ಗಾಢ ನಿದ್ರೆಯಲ್ಲಿದ್ದರು, ನಾನು ಮಂಟಪಗಳ ಬೆಳಕನ್ನು ದೂರದ ತಿರುವಿನಿಂದ ನೋಡಿ ಸುಮ್ಮನಾದೆ, ಮತ್ತು ಮರುದಿನಕ್ಕೆ ಒಪ್ಪಿಕೊಂಡಿದ್ದ ನೆಂಟರ ಮನೆಯ ಊಟಕ್ಕೆ ಹೋಗಲಾಗಲಿಲ್ಲ. ಹಸಿರು ಪೆನ್ನನ್ನು ಖರೀದಿಸಿದ್ದು ಆ ವರ್ಷದ ನಂತರವೇ.

ಟಿಕೆಟಿನ ಲೆಕ್ಕ

ಭಾರತೀಯ ರೈಲ್ವೆಯಲ್ಲಿ ಮುಂಗಡ ಕಾಯ್ದಿರಿಸುವಿಕೆಯ ಅವಧಿ 2024ರ ನವೆಂಬರ್ 1ರಿಂದ 120 ದಿನಗಳ ಬದಲು 60 ದಿನಗಳಾಗಿದೆ. ಅರವತ್ತು ದಿನ ಹಿಂದಕ್ಕೆ ಎಣಿಸುವ ಗೋಜು ಬೇಡವೆನ್ನುವವರಿಗೆ ನಮ್ಮ ಪಂಚಾಂಗವೇ ಒಂದು ಸುಲಭ ದಾರಿ ಕೊಡುತ್ತದೆ, ಏಕೆಂದರೆ ಅರವತ್ತು ದಿನವೆಂದರೆ ಹೆಚ್ಚುಕಡಿಮೆ ಎರಡು ಚಾಂದ್ರಮಾಸ. ನವರಾತ್ರಿಯ ಮೊದಲ ದಿನದ ಟಿಕೆಟ್ ಭೀಮನ ಅಮಾವಾಸ್ಯೆಯ ಆಸುಪಾಸಿನಲ್ಲಿ ತೆರೆಯುತ್ತದೆ. ವಿಜಯದಶಮಿಯ ಟಿಕೆಟ್ ವರಮಹಾಲಕ್ಷ್ಮಿ ವ್ರತದ ಸುತ್ತಮುತ್ತ ತೆರೆಯುತ್ತದೆ. ಬಲಿಪಾಡ್ಯಮಿಯ ಟಿಕೆಟ್ ಗಣೇಶ ಚತುರ್ಥಿಗೆ ಮೂರು ನಾಲ್ಕು ದಿನ ಮೊದಲು ತೆರೆಯುತ್ತದೆ. 2025ರಲ್ಲಿ ಈ ಲೆಕ್ಕ ಎಷ್ಟು ಸರಿಹೋಗಿತ್ತೆಂದರೆ, ಸೆಪ್ಟೆಂಬರ್ 22ರ ಪಾಡ್ಯಕ್ಕೆ ಅರವತ್ತು ದಿನ ಹಿಂದಿನ ಜುಲೈ 24 ಭೀಮನ ಅಮಾವಾಸ್ಯೆಯೇ ಆಗಿತ್ತು, ಮತ್ತು ಅಕ್ಟೋಬರ್ 22ರ ಬಲಿಪಾಡ್ಯಮಿಗೆ ಅರವತ್ತು ದಿನ ಹಿಂದಿನ ಆಗಸ್ಟ್ 23 ಗಣೇಶನ ಹಬ್ಬಕ್ಕೆ ನಾಲ್ಕು ದಿನ ಮೊದಲಿನದಾಗಿತ್ತು. ನಡುವೆ ಅಧಿಕಮಾಸ ಬಂದರೆ ಮಾತ್ರ ಈ ಸೂತ್ರ ಕೆಡುತ್ತದೆ. 2020ರಲ್ಲಿ ಅಧಿಕ ಆಶ್ವಯುಜ ಬಂದು ಮಹಾಲಯ ಅಮಾವಾಸ್ಯೆಗೂ ನವರಾತ್ರಿಗೂ ನಡುವೆ ಒಂದು ತಿಂಗಳ ಅಂತರ ಬಿದ್ದದ್ದು ಅನೇಕರಿಗೆ ನೆನಪಿರಬಹುದು. ಒಟ್ಟಿನಲ್ಲಿ ಗೌರಿಗೆ ಬಾಗಿನ ಜೋಡಿಸುವ ಹೊತ್ತಿಗೆ ದೀಪಾವಳಿಯ ಟಿಕೆಟ್ ಕೈಯಲ್ಲಿರಬೇಕು ಎಂದು ನೆನಪಿಟ್ಟುಕೊಂಡರೆ ಸಾಕು.

ಕಾಯ್ದಿರಿಸುವಿಕೆ ಬೆಳಿಗ್ಗೆ 8 ಗಂಟೆಗೆ ತೆರೆಯುತ್ತದೆ. ಹಬ್ಬದ ದಿನಗಳ ಜನಪ್ರಿಯ ರೈಲುಗಳಲ್ಲಿ ಆಸನಗಳು ಕೆಲವೇ ನಿಮಿಷಗಳಲ್ಲಿ ಮುಗಿಯುವುದರಿಂದ, ಪ್ರಯಾಣಿಕರ ಹೆಸರು ಮತ್ತು ವಯಸ್ಸನ್ನು ಐಆರ್‌ಸಿಟಿಸಿ ಖಾತೆಯಲ್ಲಿ ಮೊದಲೇ ತುಂಬಿಸಿಟ್ಟಿರಬೇಕು, ಮತ್ತು ಆ ಖಾತೆಗೆ ಆಧಾರ್ ದೃಢೀಕರಣವನ್ನೂ ಮುಗಿಸಿಟ್ಟಿರಬೇಕು. ದೃಢೀಕರಣವಾಗದ ಖಾತೆಯಿಂದ ತತ್ಕಾಲ್ ಟಿಕೆಟ್ ಸಿಗುವುದಿಲ್ಲ, ಸಾಮಾನ್ಯ ಕಾಯ್ದಿರಿಸುವಿಕೆಯಲ್ಲೂ ಬಾಗಿಲು ತೆರೆದ ಕೂಡಲೇ ಒಳಹೋಗುವ ಅವಕಾಶವಿರುವುದಿಲ್ಲ. ಇನ್ನೊಂದು ಸೂಕ್ಷ್ಮವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಅರವತ್ತು ದಿನಗಳನ್ನು ಎಣಿಸುವುದು ರೈಲು ಹೊರಡುವ ಮೂಲ ನಿಲ್ದಾಣದ ದಿನಾಂಕದಿಂದ. ದೂರದ ಊರಿನಿಂದ ಹಿಂದಿನ ದಿನವೇ ಹೊರಟು ನಿಮ್ಮ ನಿಲ್ದಾಣಕ್ಕೆ ಮರುದಿನ ಬರುವ ರೈಲಾಗಿದ್ದರೆ, ನಿಮ್ಮ ಪ್ರಯಾಣದ ದಿನಕ್ಕೆ ಅರವತ್ತೊಂದು ದಿನ ಮೊದಲೇ ಕಾಯ್ದಿರಿಸುವಿಕೆ ತೆರೆದಿರುತ್ತದೆ. ಒಂದು ದಿನ ತಡವಾಗಿ ನೋಡಿದವರಿಗೆ ವೇಟಿಂಗ್ ಲಿಸ್ಟ್ ಮಾತ್ರ ಉಳಿದಿರುತ್ತದೆ. ಆನ್‌ಲೈನಿನಲ್ಲಿ ಕೊಂಡ ವೇಟಿಂಗ್ ಲಿಸ್ಟ್ ಟಿಕೆಟ್ ಚಾರ್ಟ್ ತಯಾರಾದಾಗ ಖಚಿತವಾಗದಿದ್ದರೆ ತಾನಾಗಿಯೇ ರದ್ದಾಗುತ್ತದೆ, ಅದನ್ನು ನಂಬಿ ಬೋಗಿ ಹತ್ತುವಂತಿಲ್ಲ. ತತ್ಕಾಲ್ ಕಾಯ್ದಿರಿಸುವಿಕೆ ಹಿಂದಿನ ದಿನ ಹವಾನಿಯಂತ್ರಿತ ದರ್ಜೆಗಳಿಗೆ 10 ಗಂಟೆಗೆ, ಉಳಿದವುಗಳಿಗೆ 11 ಗಂಟೆಗೆ ತೆರೆಯುತ್ತದಾದರೂ, ಹಬ್ಬದ ಮುನ್ನಾದಿನ ಅದನ್ನೇ ಏಕೈಕ ದಾರಿಯೆಂದು ಇಟ್ಟುಕೊಳ್ಳುವುದು ಜೂಜಾಟ.

ರೈಲು ಸಿಗದಿದ್ದರೆ ಕೆಎಸ್‌ಆರ್‌ಟಿಸಿ ಇದೆ. ದಸರೆಗೂ ದೀಪಾವಳಿಗೂ ಹೆಚ್ಚುವರಿ ಬಸ್ಸುಗಳನ್ನು ಬಿಡುವ ಪದ್ಧತಿ ಇರುವುದರಿಂದ, ಮೊದಲ ದಿನ ಆಸನವಿಲ್ಲವೆಂದು ತೋರಿದರೂ ಹಬ್ಬಕ್ಕೆ ಒಂದೆರಡು ವಾರ ಮುಂಚೆ ಮತ್ತೆ ನೋಡಬೇಕು. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಜನರಿಗೆ ಒಂದೇ ಟಿಕೆಟಿನಲ್ಲಿ ಕಾಯ್ದಿರಿಸಿದರೆ ಶೇಕಡ 5, ಹೋಗುವ ಮತ್ತು ಬರುವ ಟಿಕೆಟನ್ನು ಒಟ್ಟಿಗೆ ಕಾಯ್ದಿರಿಸಿದರೆ ಬರುವ ಪ್ರಯಾಣದ ಮೇಲೆ ಶೇಕಡ 10 ರಿಯಾಯಿತಿ ಸಿಗುತ್ತದೆಂದು ನಿಗಮವು ಪ್ರತಿ ಹಬ್ಬದ ಪ್ರಕಟಣೆಯಲ್ಲೂ ಹೇಳುತ್ತದೆ. ಬರುವ ಟಿಕೆಟನ್ನು ಆಗಲೇ ತೆಗೆದುಕೊಳ್ಳಲು ಹಣಕ್ಕಿಂತ ದೊಡ್ಡ ಕಾರಣವೂ ಇದೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯ ಮಹಿಳೆಯರ ಉಚಿತ ಪ್ರಯಾಣ ಸಾಮಾನ್ಯ ಸಾರಿಗೆಗಳಿಗೆ ಮಾತ್ರ ಅನ್ವಯಿಸುತ್ತದೆ, ರಾಜಹಂಸ ಮತ್ತು ಐರಾವತದಂಥ ಬಸ್ಸುಗಳಿಗೆ ಅನ್ವಯಿಸುವುದಿಲ್ಲ. ಹಬ್ಬದ ಹಿಂದಿನ ಸಂಜೆ ಸಾಮಾನ್ಯ ಬಸ್ಸಿನಲ್ಲಿ ವಯಸ್ಸಾದವರನ್ನು ಕರೆದೊಯ್ಯುವ ಯೋಚನೆಯಿದ್ದರೆ, ಒಂದು ದಿನ ಮೊದಲು ಬೆಳಗಿನ ಹೊತ್ತು ಹೊರಡುವುದೇ ಲೇಸು. ಖಾಸಗಿ ಬಸ್ಸುಗಳ ದರ ಹಬ್ಬಕ್ಕೆ ಮೊದಲಿನ ಎರಡು ದಿನಗಳಲ್ಲಿ ಯಾವ ಎತ್ತರಕ್ಕೆ ಏರುತ್ತದೆಂಬುದು ಎಲ್ಲರಿಗೂ ತಿಳಿದದ್ದೇ.

ಎಲ್ಲಿಗೆ, ಯಾವಾಗ

ಕೆಂಪು ಮತ್ತು ಹಸಿರು ಗುರುತುಗಳು ಮುಗಿದ ಮೇಲೆ ಉಳಿದ ದಿನಗಳನ್ನು ನೋಡಿ ಸ್ಥಳ ಆರಿಸಬೇಕು. ಮೈಸೂರಿಗೆ ವಿಜಯದಶಮಿಯಂದೇ ಹೋಗಬೇಕೆ ಎಂಬುದು ಮೊದಲ ಪ್ರಶ್ನೆ. ಸುಮಾರು 750 ಕಿಲೋ ತೂಕದ ಚಿನ್ನದ ಅಂಬಾರಿಯಲ್ಲಿ ಚಾಮುಂಡೇಶ್ವರಿಯನ್ನು ಹೊತ್ತ ಆನೆ ಅರಮನೆಯಿಂದ ಬನ್ನಿಮಂಟಪದವರೆಗೆ ಐದು ಕಿಲೋಮೀಟರ್ ನಡೆಯುವುದನ್ನು ಒಮ್ಮೆ ಕಣ್ಣಾರೆ ನೋಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಾಸು ಅಥವಾ ಟಿಕೆಟ್ ಇಲ್ಲದವರು ರಸ್ತೆ ಬದಿಯಲ್ಲಿ ಬೆಳಗಿನಿಂದಲೇ ಜಾಗ ಹಿಡಿದು, ಮಧ್ಯಾಹ್ನದ ನಂತರ ನಿಗದಿಯಾದ ಶುಭಲಗ್ನದಲ್ಲಿ ಪುಷ್ಪಾರ್ಚನೆಯಾಗಿ ಮೆರವಣಿಗೆ ತಮ್ಮ ಮುಂದೆ ಬರುವವರೆಗೆ ಬಿಸಿಲಿನಲ್ಲಿ ಕಾಯಬೇಕು, ಆಮೇಲೆ ಬನ್ನಿಮಂಟಪದ ಪಂಜಿನ ಕವಾಯತಿಗೆ ಬೇರೆ ಟಿಕೆಟ್ ಬೇಕು. ಚಿಕ್ಕ ಮಕ್ಕಳೂ ವಯಸ್ಸಾದವರೂ ಜೊತೆಗಿದ್ದರೆ ನವರಾತ್ರಿಯ ಮೂರನೆಯ ದಿನದಿಂದ ಆರನೆಯ ದಿನದೊಳಗೆ ಯಾವುದಾದರೂ ವಾರದ ದಿನ ಹೋಗುವುದು ಮೇಲು. ಅರಮನೆಯ ಸುಮಾರು ಒಂದು ಲಕ್ಷ ದೀಪಗಳು ದಸರೆಯ ಪ್ರತಿ ಸಂಜೆಯೂ ಬೆಳಗುತ್ತವೆ; ಫಲಪುಷ್ಪ ಪ್ರದರ್ಶನ, ಕುಸ್ತಿ, ಅರಮನೆಯ ಮುಂದಿನ ಸಂಗೀತ ಎಲ್ಲವೂ ಆಗ ಸಿಗುತ್ತವೆ; ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನ ದಸರೆ ಮುಗಿದ ಮೇಲೂ ವಾರಗಟ್ಟಲೆ ಇರುತ್ತದೆ. ಅರಮನೆಯೊಳಗೆ ಖಾಸಗಿ ದರ್ಬಾರಿನ ಕಾರಣ ಕೆಲವು ದಿನ ಪ್ರವೇಶ ನಿರ್ಬಂಧವಿರುವುದರಿಂದ ಆ ವೇಳಾಪಟ್ಟಿಯನ್ನು ಮಾತ್ರ ಮೊದಲು ನೋಡಿಕೊಳ್ಳಿ. ಇನ್ನು ಆನೆಗಳನ್ನೇ ನೋಡಬೇಕೆನ್ನುವ ಮಕ್ಕಳಿದ್ದರೆ ದಸರೆಯವರೆಗೆ ಕಾಯಬೇಕಾಗಿಯೇ ಇಲ್ಲ. ಗಜಪಯಣದಲ್ಲಿ ಬಂದ ಆನೆಗಳು ವಾರಗಟ್ಟಲೆ ಮೊದಲಿನಿಂದಲೇ ಅದೇ ರಾಜಮಾರ್ಗದಲ್ಲಿ ಮರಳಿನ ಮೂಟೆ ಮತ್ತು ಮರದ ಅಂಬಾರಿ ಹೊತ್ತು ತಾಲೀಮು ನಡೆಸುತ್ತವೆ, ಮತ್ತು ಆಗ ರಸ್ತೆಯ ಅಂಚಿನಲ್ಲಿ ನಿಂತು ನೆಮ್ಮದಿಯಾಗಿ ನೋಡಬಹುದು.

ವಿಜಯದಶಮಿಯ ರಾತ್ರಿಯನ್ನು ಮಂಗಳೂರಿಗೆ ಮೀಸಲಿಡುವವರು ಕುದ್ರೋಳಿ ಗೋಕರ್ಣನಾಥೇಶ್ವರ ದೇವಸ್ಥಾನದಿಂದ ನವದುರ್ಗೆಯರೂ ಶಾರದೆಯೂ ಹೊರಡುವ ಮೆರವಣಿಗೆ ರಾತ್ರಿಯಿಡೀ ನಗರವನ್ನು ಸುತ್ತಿ ಬೆಳಿಗ್ಗೆ ಮರಳುತ್ತದೆಂಬುದನ್ನು ನೆನಪಿಟ್ಟು, ಮೆರವಣಿಗೆಯ ಹಾದಿಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ವಸತಿ ಹಿಡಿಯಬೇಕು. ವಾಹನ ನಂಬಿದರೆ ಕೆಡುತ್ತದೆ. ಹುಲಿವೇಷ ನೋಡಲು ಆ ಒಂದು ರಾತ್ರಿಯೇ ಆಗಬೇಕೆಂದಿಲ್ಲ, ನವರಾತ್ರಿಯ ಬೇರೆ ದಿನಗಳಲ್ಲೂ ತಾಸೆಯ ಸದ್ದು ಬೀದಿಬೀದಿಯಲ್ಲಿ ಕೇಳುತ್ತದೆ. ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸಲು ಕೊಲ್ಲೂರಿಗೆ ಹೋಗುವವರಿಗೆ ವಿಜಯದಶಮಿಯೇ ಮುಖ್ಯ ದಿನ, ಹಿಂದಿನ ದಿನ ಮಹಾನವಮಿಯ ರಥೋತ್ಸವವೂ ಇರುವುದರಿಂದ ವಸತಿಯನ್ನು ಎರಡು ರಾತ್ರಿಗೆ ಕಾಯ್ದಿರಿಸಬೇಕಾಗುತ್ತದೆ.

ತಲಕಾವೇರಿಗೆ ಹೋಗುವವರು ದಿನಾಂಕದ ಜೊತೆಗೆ ಗಂಟೆಯನ್ನೂ ನೋಡಬೇಕು. ಸಂಕ್ರಮಣದ ಮುಹೂರ್ತ ವರ್ಷದಿಂದ ವರ್ಷಕ್ಕೆ ಸುಮಾರು ಆರು ಗಂಟೆ ಮುಂದೆ ಸರಿಯುತ್ತದೆ: 2023ರಲ್ಲಿ ಅದು ನಡುರಾತ್ರಿಯ ನಂತರ ಬಂದಿತ್ತು, 2024ರಲ್ಲಿ ಬೆಳಿಗ್ಗೆ, 2025ರಲ್ಲಿ ಮಧ್ಯಾಹ್ನ ಬಂದಿತ್ತು. ಹಗಲಿನ ಮುಹೂರ್ತವಿರುವ ವರ್ಷ ಮಕ್ಕಳೊಂದಿಗೆ ಹೋಗಬಹುದು. ರಾತ್ರಿಯದ್ದಾದರೆ ಸಮುದ್ರಮಟ್ಟದಿಂದ 1,276 ಮೀಟರ್ ಎತ್ತರದ ಆ ಬೆಟ್ಟದ ಮಂಜು, ತುಂತುರು ಮಳೆ ಮತ್ತು ಚಳಿಗೆ ಸಿದ್ಧರಾಗಿ ಹೋಗಬೇಕು. ಗಾಳಿಗೆ ಛತ್ರಿ ನಿಲ್ಲುವುದಿಲ್ಲವಾದ್ದರಿಂದ ರೈನ್‌ಕೋಟೇ ಬೇಕು. ಸಾಮಾನ್ಯವಾಗಿ ಭಾಗಮಂಡಲದ ತ್ರಿವೇಣಿ ಸಂಗಮದಲ್ಲಿ ಸ್ನಾನ ಮಾಡಿ ಆಮೇಲೆ ಸುಮಾರು ಎಂಟು ಕಿಲೋಮೀಟರ್ ಮೇಲಕ್ಕೆ ಹೋಗುವುದು ರೂಢಿ, ಆದ್ದರಿಂದ ಒಂದು ಜೊತೆ ಒಣಬಟ್ಟೆಯನ್ನು ಬೇರೆಯೇ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಳ್ಳಿ.

ಹಾಸನದ ಹಾಸನಾಂಬೆಯ ಬಾಗಿಲು ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ ತೆರೆದು, ಬಲಿಪಾಡ್ಯಮಿಯ ಮರುದಿನ ಮುಚ್ಚುತ್ತದೆ. ವರ್ಷಕ್ಕೊಮ್ಮೆ ಮಾತ್ರ ಸಿಗುವ ದರ್ಶನವಾದ್ದರಿಂದ ಜನ ಕಡಿಮೆಯಿರುವ ದಿನವೆಂಬುದು ಇಲ್ಲವೇ ಇಲ್ಲ, ಆದರೂ ಶನಿವಾರ, ಭಾನುವಾರ ಮತ್ತು ಕೊನೆಯ ಮೂರು ದಿನಗಳನ್ನು ಬಿಟ್ಟು ನಸುಕಿನಲ್ಲಿ ಸಾಲಿಗೆ ನಿಂತರೆ ಕಾಯುವಿಕೆ ಸಹಿಸುವಷ್ಟಿರುತ್ತದೆ. ತೆರೆಯುವ ದಿನವೂ ಮುಚ್ಚುವ ದಿನವೂ ಸಾರ್ವಜನಿಕರಿಗೆ ದರ್ಶನವಿರುವುದಿಲ್ಲ. 2025ರಲ್ಲಿ ವಿಶೇಷ ದರ್ಶನಕ್ಕೆ 300 ಮತ್ತು 1,000 ರೂಪಾಯಿಯ ಟಿಕೆಟುಗಳಿದ್ದವು. ದಟ್ಟಣೆಯ ದಿನ ಆ ಸಾಲುಗಳೂ ಉದ್ದವೇ ಇರುತ್ತವೆ. ಚಿಕ್ಕಮಗಳೂರು ಬಳಿಯ ಬಿಂಡಿಗದ ದೇವೀರಮ್ಮನ ಬೆಟ್ಟವನ್ನು ಭಕ್ತರು ಬರಿಗಾಲಿನಲ್ಲಿ ಏರುವುದು ನರಕ ಚತುರ್ದಶಿಯ ಸಮಯದಲ್ಲಿ, ಅಂದರೆ ಮನೆಯಲ್ಲಿ ಎಣ್ಣೆಸ್ನಾನಕ್ಕೆ ನೀರು ಕಾಯುವ ಹೊತ್ತಿನಲ್ಲೇ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು, ಮತ್ತು ಮಳೆ ಬಂದ ವರ್ಷ ಆ ಬೆಟ್ಟದ ಜಾರು ಮಣ್ಣಿನಲ್ಲಿ ಇಳಿಯುವುದು ಹತ್ತುವುದಕ್ಕಿಂತ ಕಷ್ಟವೆಂಬುದನ್ನು ತಿಳಿದೇ ಹೋಗಬೇಕು.

ಮನೆ, ಅಡುಗೆ, ವಾಹನ

ಎರಡು ಪ್ರಯಾಣಗಳ ನಡುವೆ ಹಬ್ಬದಡುಗೆ ಮಾಡಬೇಕಾದಾಗ ಯಾವುದು ಕೆಡದೆ ಉಳಿಯುತ್ತದೆ ಎಂಬ ತಿಳಿವಳಿಕೆ ಬಹಳ ಉಪಕಾರಕ್ಕೆ ಬರುತ್ತದೆ. ಕಜ್ಜಾಯ ಇಂಥ ಸಂದರ್ಭಕ್ಕೆಂದೇ ಹುಟ್ಟಿದ ತಿಂಡಿಯಂತಿದೆ. ಅಕ್ಕಿ ನೆನೆಸಿ, ನೆರಳಿನಲ್ಲಿ ಆರಿಸಿ, ಹಿಟ್ಟು ಮಾಡಿ ಬೆಲ್ಲದ ಪಾಕಕ್ಕೆ ಬೆರೆಸಿಟ್ಟರೆ ಆ ಹಿಟ್ಟು ದಿನಗಟ್ಟಲೆ ಕೆಡುವುದಿಲ್ಲ, ಕೆಲವು ದಿನ ಕಳೆದಷ್ಟೂ ಕಜ್ಜಾಯ ಮೃದುವಾಗುತ್ತದೆ. ಹುಣ್ಣಿಮೆಯ ಪ್ರವಾಸಕ್ಕೆ ಹೊರಡುವ ಮೊದಲು ಪಾಕ ಹಾಕಿಟ್ಟು, ಮರಳಿ ಬಂದು ದೀಪಾವಳಿಯ ಮುನ್ನಾದಿನ ಕರಿದರೆ ಕೆಲಸ ಎರಡು ಭಾಗವಾಗಿ ಹಗುರವಾಗುತ್ತದೆ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟುಗಳನ್ನು ಒಮ್ಮೆ ಮಾಡಿ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಮನೆಗೆ ಬಂದವರಿಗೂ ರೈಲಿನಲ್ಲಿ ಮಕ್ಕಳಿಗೂ ಆಗುತ್ತದೆ. ಕಾಯಿಹೋಳಿಗೆಯನ್ನು ಪ್ರಯಾಣಕ್ಕೆ ಕಟ್ಟಿಕೊಳ್ಳಬೇಡಿ. ಬುತ್ತಿಗೆ ಪುಳಿಯೋಗರೆ ಸರಿ, ಕಾಯಿತುರಿ ಹಾಕಿದ ಚಿತ್ರಾನ್ನ ಸಂಜೆಯವರೆಗೆ ಇರುವುದಿಲ್ಲ.

ಹೊಸ ಬಟ್ಟೆಯ ವಿಷಯದಲ್ಲಿ ಒಂದೇ ಮಾತು: ರವಿಕೆಯ ಬಟ್ಟೆಯನ್ನು ಗೌರಿ ಹಬ್ಬ ಮುಗಿದ ವಾರದಲ್ಲೇ ಟೈಲರ್‌ಗೆ ಕೊಟ್ಟುಬಿಡಿ. ಮಹಾಲಯ ಅಮಾವಾಸ್ಯೆಯ ನಂತರ ಕೊಟ್ಟವರಿಗೆ ದೊರಕುವುದು ಭರವಸೆ ಮಾತ್ರ.

ಸ್ವಂತ ವಾಹನದಲ್ಲಿ ಹೊರಡುವವರು ಸರ್ವಿಸ್ ಮಾಡಿಸುವುದನ್ನು ನವರಾತ್ರಿಗೆ ಮೊದಲೇ ಮುಗಿಸಬೇಕು, ಏಕೆಂದರೆ ಆಯುಧಪೂಜೆಯ ಹಿಂದಿನ ವಾರ ಎಲ್ಲರಿಗೂ ಒಟ್ಟಿಗೆ ವಾಹನ ತೊಳೆಸುವ ನೆನಪಾಗುತ್ತದೆ, ಹಬ್ಬದಂದು ಗ್ಯಾರೇಜುಗಳಲ್ಲಿ ಉಪಕರಣಗಳೇ ಪೂಜೆಗೆ ಕುಳಿತಿರುತ್ತವೆ. ಪೂಜೆ ಮಾಡಿದ ವಾಹನದಲ್ಲಿ ಅಂದೇ ದೂರ ಹೋಗುವುದಾದರೆ, ದೀಪಗಳನ್ನೂ ನಂಬರ್ ಫಲಕವನ್ನೂ ಮರೆಮಾಡುವ ಬಾಳೆಕಂದು ಮತ್ತು ಹಾರಗಳನ್ನು ಊರ ಗಡಿ ದಾಟುವ ಮೊದಲೇ ತೆಗೆದಿಡಿ. ಆ ಸಂಜೆ ರಸ್ತೆಯಲ್ಲಿ ಒಡೆದ ಬೂದುಗುಂಬಳದ ತಿರುಳಿನ ಮೇಲೆ ದ್ವಿಚಕ್ರ ವಾಹನಗಳು ಜಾರಿ ಬೀಳುವುದು ಪ್ರತಿ ವರ್ಷದ ದೃಶ್ಯ. ನಿಮ್ಮ ಪೂಜೆಯ ಕುಂಬಳವನ್ನು ಒಡೆದ ಮೇಲೆ ನೀವೇ ಬದಿಗೆ ಸರಿಸುವುದು ಪೂಜೆಗೆ ಯಾವ ಲೋಪವನ್ನೂ ತರುವುದಿಲ್ಲ. ಬೆಂಗಳೂರು ಮೈಸೂರು ಹೆದ್ದಾರಿಯ ಮುಖ್ಯಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ ಮತ್ತು ಆಟೋಗಳಿಗೆ ಪ್ರವೇಶವಿಲ್ಲದ ಕಾರಣ, ಬೈಕಿನಲ್ಲಿ ಹೋಗುವವರು ಸರ್ವಿಸ್ ರಸ್ತೆಯ ಊರುಗಳ ದಟ್ಟಣೆಯನ್ನೂ ಸೇರಿಸಿ ಸಮಯ ಲೆಕ್ಕ ಹಾಕಬೇಕು. ಶಿರಾಡಿ, ಚಾರ್ಮಾಡಿ, ಆಗುಂಬೆಯ ಘಾಟಿಗಳನ್ನು ಕತ್ತಲಾಗುವ ಮೊದಲೇ ಇಳಿಯುವಂತೆ ಹೊರಡುವುದು ಒಳ್ಳೆಯದು, ಅಕ್ಟೋಬರಿನಲ್ಲಿ ಸಂಜೆ ಆರರ ಹೊತ್ತಿಗೇ ಬೆಳಕು ಕಡಿಮೆಯಾಗುತ್ತದೆ.

ಮನೆಗೆ ಬೀಗ ಹಾಕುವಾಗ ಗ್ಯಾಸ್ ರೆಗ್ಯುಲೇಟರ್, ನೀರಿನ ಮೋಟಾರ್ ಮತ್ತು ದೇವರ ಮನೆಯ ದೀಪ ಈ ಮೂರನ್ನು ಇಬ್ಬರು ಬೇರೆಬೇರೆಯಾಗಿ ನೋಡಬೇಕು. ಪ್ರವಾಸದ ಚಿತ್ರಗಳನ್ನು ಮರಳಿ ಬಂದ ಮೇಲೆ ಹಂಚಿಕೊಂಡರೆ ಯಾರಿಗೂ ನಷ್ಟವಿಲ್ಲ.

ಇನ್ನು ಬರುವ ಟಿಕೆಟಿನ ವಿಷಯ. ಹೋಗುವಾಗ ಜನ ಮೂರು ನಾಲ್ಕು ದಿನಗಳಲ್ಲಿ ಹಂಚಿ ಹೋಗುತ್ತಾರೆ, ಬರುವಾಗ ಮಾತ್ರ ಎಲ್ಲರೂ ಬಲಿಪಾಡ್ಯಮಿಯ ಸಂಜೆಯೇ ಹೊರಡುತ್ತಾರೆ. ಆ ರಾತ್ರಿ ಬೆಂಗಳೂರಿನ ಕಡೆ ಬರುವ ಬಸ್ಸು ನಸುಕಿಗೆ ತಲುಪಿಸಬೇಕಾದವರನ್ನು ಬೆಳಿಗ್ಗೆ ಹತ್ತಕ್ಕೆ ನಗರದ ಹೊರವಲಯದ ವಾಹನಸಾಲಿನಲ್ಲಿ ನಿಲ್ಲಿಸಿರುತ್ತದೆ, ಕಚೇರಿಯ ಮೊದಲ ಕರೆ ಅಲ್ಲಿಯೇ ಬರುತ್ತದೆ. ಮಲೆನಾಡಿನವರಾದರೆ ಅಂದು ರಾತ್ರಿ ಅಂಟಿಗೆ ಪಂಟಿಗೆಯವರು ದೀಪ ಹೊತ್ತು ಮನೆಬಾಗಿಲಿಗೆ ಬರುವುದನ್ನೂ, ಕರಾವಳಿಯವರಾದರೆ ಗದ್ದೆಯಲ್ಲಿ ದೀಪವಿಟ್ಟು ಬಲೀಂದ್ರನನ್ನು ಕೂಗಿ ಕರೆಯುವುದನ್ನೂ ಬಿಟ್ಟು ಬಸ್ ನಿಲ್ದಾಣದಲ್ಲಿ ನಿಂತಿರಬೇಕಾಗುತ್ತದೆ. ಆದ್ದರಿಂದ ಹೋಗುವ ಟಿಕೆಟ್ ಕಾಯ್ದಿರಿಸುವಾಗಲೇ ಬರುವುದನ್ನು ಮರುದಿನ ಬೆಳಗಿನ ಬಸ್ಸಿಗೋ ಹಗಲು ರೈಲಿಗೋ ಕಾಯ್ದಿರಿಸಿ, ಆ ಒಂದು ದಿನದ ರಜೆಯ ಅರ್ಜಿಯನ್ನು ಗಣೇಶನ ಹಬ್ಬದ ವಾರದಲ್ಲೇ ಕೊಟ್ಟುಬಿಡಿ. ದಸರೆಯ ನಂತರ ಕೊಡುವವರ ಸಾಲು ಉದ್ದವಾಗಿರುತ್ತದೆ.